ಹೆಸರು ಹೇಳದ ಮತದಾರರು



ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಹದಿನೆಂಟು ತುಂಬಿದೆ, ಉಳಿದವರಿಗೆ ಬೇಗನೆ ತುಂಬಲಿದೆ. ಧರ್ಮ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡುವಂತಿಲ್ಲ ಎಂದು ಸಂವಿಧಾನದ 325ನೆಯ ವಿಧಿ ಹೇಳುತ್ತದೆ. ಇದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಆದರೆ ಹಕ್ಕಿರುವುದು ಒಂದು, ಆ ಹಕ್ಕುಳ್ಳವರು ತಾವೇ ಎಂದು ತೋರಿಸಿಕೊಡುವುದು ಇನ್ನೊಂದು. ಈ ಎರಡನೆಯ ಕೆಲಸ ಹೆಣ್ಣುಮಕ್ಕಳಿಗೆ ಏಕೆ ಹೆಚ್ಚು ತೊಡಕಿನದಾಗುತ್ತದೆ ಎಂಬುದೇ ಇಂದಿನ ವಿಚಾರ.

ನಮ್ಮ ಮೊದಲ ಮಹಾಚುನಾವಣೆ ನಡೆದದ್ದು 1951–52ರಲ್ಲಿ. ಅದಕ್ಕಾಗಿ ಪಟ್ಟಿ ಬರೆಯುವ ಗುಮಾಸ್ತರು ಮನೆಮನೆಗೂ ಹೋದರು. ಉತ್ತರ ಭಾರತದ ಹಲವು ಕಡೆ ಹೆಂಗಸರು ಪರಪುರುಷರ ಮುಂದೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪು ಕಟ್ಟಿ ಹೇಳುವ ಅಜ್ಜಿಯರನ್ನು ನಮ್ಮ ಕಡೆ ನೀವು ಕಂಡಿರಬಹುದು. ಅಲ್ಲಿ ಸಂಕೋಚ ಇದ್ದದ್ದು ತಮ್ಮದೇ ಹೆಸರಿನ ಬಗ್ಗೆ.

ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಇದನ್ನು ಒಪ್ಪಲಿಲ್ಲ. ಮತದಾರಳಿಗೆ ಸ್ವಂತ ಹೆಸರು ಇರಲೇಬೇಕೆಂದರು. ಬಿಹಾರದಲ್ಲಿ ಹೆಸರು ತಿಳಿಸಲು ಒಂದು ತಿಂಗಳ ಹೆಚ್ಚಿನ ಅವಧಿಯನ್ನೂ ಕೊಡಲಾಯಿತು. ಆದರೂ ಕೊನೆಗೆ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿಯ ದಾಖಲೆಯನ್ನು ಹೊಡೆದುಹಾಕಬೇಕಾಯಿತು. ಇವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳವರು. ಇದರಿಂದ ಎದ್ದ ಗದ್ದಲವೂ ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಈ ಸಂಕೋಚ ತೊಲಗೀತು ಎಂಬುದು ಸೇನ್ ಅವರ ಎಣಿಕೆ. ಅವರ ನಿಲುವು ಸರಿಯಾದದ್ದೇ ಎಂದು ನನಗೂ ಅನ್ನಿಸುತ್ತದೆ. ಹೆಂಡತಿ ಎಂಬುದು ಹೆಸರಲ್ಲ. ಆದರೆ ಸರಿಯಾದ ಆ ನಿಯಮಕ್ಕೆ ಬೆಲೆ ತೆತ್ತವರು ನಿಯಮವನ್ನು ಮಾಡಿದವರಲ್ಲ, ಆ 28 ಲಕ್ಷ ಹೆಂಗಸರು.

ಆ ಚುನಾವಣೆಯಲ್ಲಿ ಗುರುತಿನ ಚೀಟಿ ಇರಲಿಲ್ಲ. ಪಟ್ಟಿಯಲ್ಲಿ ಹೆಸರು ನೋಡಿ ಬೆರಳಿಗೆ ಅಳಿಸಲಾಗದ ಶಾಯಿ ಹಚ್ಚುತ್ತಿದ್ದರು. 1962ರ ಚುನಾವಣೆಯಿಂದ ಈ ಶಾಯಿಯನ್ನು ನಮ್ಮ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ ತಯಾರಿಸಿ ಕೊಡುತ್ತ ಬಂದಿದೆ. ಶಾಯಿ ಯಾರ ಹೆಸರನ್ನೂ ಕೇಳುವುದಿಲ್ಲ. ಒಬ್ಬರೇ ಎರಡು ಸಲ ಮತ ಹಾಕದಂತೆ ತಡೆಯುತ್ತದೆ, ಅಷ್ಟೆ. ಒಬ್ಬರ ಮತವನ್ನು ಇನ್ನೊಬ್ಬರು ಹಾಕುವ ಕಳ್ಳಮತವನ್ನು ಅದು ತಡೆಯಲಾರದು. ಹೀಗಾಗಿ ಟಿ. ಎನ್. ಶೇಷನ್ ಅವರ ಕಾಲದಲ್ಲಿ, 1993ರಲ್ಲಿ, ಭಾವಚಿತ್ರವಿರುವ ಗುರುತಿನ ಚೀಟಿ ಬಂತು. ಅಂಥ ಚೀಟಿ ಬೇಕೇಬೇಕು. ಬಡವರ, ಹೆಂಗಸರ ಮತಗಳೇ ಹೆಚ್ಚಾಗಿ ಕದಿಯಲ್ಪಡುತ್ತಿದ್ದಾಗ ಅದನ್ನು ಬೇಡವೆನ್ನುವುದು ಹೇಗೆ?

ಆದರೆ ಚೀಟಿಯ ಮೇಲೆ ಏನು ಬರೆದಿರುತ್ತದೆ ನೋಡಿ: ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆಯ ವಿಳಾಸ. ಗಂಡಿಗೆ ಈ ಮೂರೂ ಬಹುಮಟ್ಟಿಗೆ ಜೀವನವಿಡೀ ಒಂದೇ. ನಮ್ಮ ಸಮಾಜದಲ್ಲಿ ಹೆಣ್ಣಿಗೆ ಮದುವೆಯಾದೊಡನೆ ಮೂರೂ ಬದಲಾಗಬಹುದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರ, ಪಡಿತರ ಚೀಟಿಯಲ್ಲಿ ಗಂಡನ ಹೆಸರು, ಆಧಾರ್‌ನಲ್ಲಿ ತವರಿನ ವಿಳಾಸ. ತವರಿನ ಪಟ್ಟಿಯಿಂದ ಹೆಸರು ಹೋಗಿರುತ್ತದೆ, ಗಂಡನ ಊರಿನ ಪಟ್ಟಿಗೆ ಇನ್ನೂ ಸೇರಿರುವುದಿಲ್ಲ. ಕಾನೂನು ಗಂಡು ಹೆಣ್ಣೆಂದು ಭೇದ ಮಾಡಿಲ್ಲ, ನಿಜ. ಆದರೆ ಓಡಾಟ ಬೀಳುವುದು ಅವಳ ಪಾಲಿಗೆ.

ಇದು ನಮ್ಮಲ್ಲಿ ಮಾತ್ರವೂ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2013ರಲ್ಲಿ ಹೊಸ ಗುರುತಿನ ನಿಯಮ ಜಾರಿಗೆ ಬಂದಾಗ ಒಬ್ಬ ಮಹಿಳಾ ನ್ಯಾಯಾಧೀಶರೇ ಮತಗಟ್ಟೆಯಲ್ಲಿ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಯಿತು. ಅವರ ವಾಹನ ಚಾಲನಾ ಪರವಾನಗಿಯಲ್ಲಿ ತವರಿನ ಹೆಸರು ನಡುವೆ ಸೇರಿತ್ತು, ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಅವರು ಕಾನೂನು ಬಲ್ಲವರು, ಸಹಿ ಮಾಡಿ ಮತ ಹಾಕಿದರು. ಕಾನೂನು ತಿಳಿಯದವರು ಎಷ್ಟು ಮಂದಿ ಹಿಂದಿರುಗಿ ಹೋಗುವುದಿಲ್ಲ!

ಮತ್ತೆ ಬಿಹಾರಕ್ಕೆ ಬರೋಣ. 2025ರಲ್ಲಿ ಅಲ್ಲಿ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆಯಿತು. 2003ರ ಪಟ್ಟಿಯಲ್ಲಿ ಹೆಸರಿಲ್ಲದ ಕಿರಿಯರು ತಂದೆತಾಯಿಯ ದಾಖಲೆಯನ್ನು ತೋರಿಸಬೇಕಿತ್ತು. ಮಗನಾದವನು ಅದೇ ಮನೆಯ ಪೆಟ್ಟಿಗೆ ತೆರೆದರೆ ಸಾಕು. ಮದುವೆಯಾಗಿ ಬೇರೆ ಜಿಲ್ಲೆಗೆ ಹೋದ ಮಗಳು ತವರಿಗೆ ಹೇಳಿಕಳಿಸಬೇಕು, ಇಲ್ಲವೇ ತಾನೇ ಹೋಗಬೇಕು. ಗಂಡನ ಮನೆಯ ಕಾಗದಗಳು ಅವಳ ಪಾಲಿಗೆ ಉಪಯೋಗಕ್ಕೆ ಬರುವುದಿಲ್ಲ.

ಹೆಂಗಸರು ಈಗ ಗಂಡಸರಿಗಿಂತ ಹೆಚ್ಚಾಗಿ ಮತ ಹಾಕುತ್ತಿದ್ದಾರಲ್ಲ ಎಂದು ನೀವು ಕೇಳಬಹುದು. ಸರಿಯೇ. 1962ರಲ್ಲಿ ಗಂಡಸರು ಶೇಕಡ 63ರಷ್ಟು, ಹೆಂಗಸರು 47ಕ್ಕೂ ಕಡಮೆ ಮತ ಹಾಕಿದ್ದರು. 2024ರ ಲೋಕಸಭಾ ಚುನಾವಣೆಯಲ್ಲಿ ಹೆಂಗಸರು 65.78, ಗಂಡಸರು 65.55. ಹೆಮ್ಮೆಪಡುವ ಮಾತು. ಆದರೆ ಈ ಶೇಕಡಾವಾರು ಲೆಕ್ಕ ಹಾಕುವುದು ಪಟ್ಟಿಯಲ್ಲಿ ಇರುವವರ ಮೇಲೆ. ಪಟ್ಟಿಯಲ್ಲೇ ಇಲ್ಲದವಳು ಮತ ಹಾಕದವಳೆಂದೂ ಎಣಿಕೆಗೆ ಸಿಗುವುದಿಲ್ಲ. 2024ರ ಪಟ್ಟಿಯಲ್ಲಿ ಸಾವಿರ ಪುರುಷರಿಗೆ 948 ಮಹಿಳೆಯರಿದ್ದರು. ಈ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ.

ನಿಯಮಗಳಲ್ಲಿ ಸಡಿಲಿಕೆಯೂ ಇದೆ, ತಿಳಿದಿರುವವರು ಕಡಮೆ. 2024ರ ಚುನಾವಣೆಯಲ್ಲಿ ಚುನಾವಣಾ ಗುರುತಿನ ಚೀಟಿ ಇಲ್ಲದವರು ಬೇರೆ 12 ದಾಖಲೆಗಳಲ್ಲಿ ಒಂದನ್ನು ತೋರಿಸಬಹುದಿತ್ತು. ಉದ್ಯೋಗ ಖಾತರಿಯ ಕಾರ್ಡು, ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಪುಸ್ತಕ ಕೂಡ ಅದರಲ್ಲಿ ಸೇರಿದ್ದವು. ಗುರುತು ಸ್ಪಷ್ಟವಾಗಿದ್ದರೆ ಚೀಟಿಯಲ್ಲಿನ ಸಣ್ಣಪುಟ್ಟ ಅಕ್ಷರದೋಷವನ್ನು ಮತಗಟ್ಟೆ ಅಧಿಕಾರಿ ಲೆಕ್ಕಿಸಬಾರದೆಂಬ ಸೂಚನೆಯಿತ್ತು. ಬೇರೆ ಕ್ಷೇತ್ರದ ಹಳೆಯ ಚೀಟಿಯೂ ನಡೆಯುತ್ತಿತ್ತು. ಆದರೆ ಮತ ಹಾಕುವ ಊರಿನ ಪಟ್ಟಿಯಲ್ಲಿ ಹೆಸರಿರಬೇಕು. ಇದಕ್ಕೆ ಮಾತ್ರ ವಿನಾಯಿತಿಯಿಲ್ಲ.

ಆದ್ದರಿಂದ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ವಿಳಾಸ ಬದಲಾವಣೆಗೂ ಹೆಸರಿನ ತಿದ್ದುಪಡಿಗೂ ನಮೂನೆ 8. ಈ ವರ್ಷ ನಿಮ್ಮ ಮನೆಯಲ್ಲಿ ಅಕ್ಕನ ಮದುವೆ ಆಗಿದ್ದರೆ ಆ ನಮೂನೆಯನ್ನು ಅವಳ ಕೈಗೆ ಕೊಡಿ. ಬೂತ್ ಮಟ್ಟದ ಅಧಿಕಾರಿಯ ಬಳಿ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ತಾಯಿಯ, ಅಜ್ಜಿಯ ಹೆಸರು ಹೇಗೆ ಬರೆದಿದೆ ಎಂದು ಒಮ್ಮೆ ಓದಿ, ಅವರನ್ನೇ ಕೇಳಿ ಸರಿನೋಡಿ.