ನಾಯಿಗೂ ಮುಂಬಾಗಿಲಿಗೂ ನಡುವೆ ಒಂದು ಗೇಟ್

ಹೈದರಾಬಾದಿನ ಫ್ಲಾಟ್‌ಗಳಲ್ಲಿ ನಾಯಿ ಸಾಕಿರೋ ನಮ್ಮವರಿಗೆ ಇವತ್ತು ಒಂದೇ ಮಾತು ಹೇಳ್ತೀನಿ: ನಾಯಿಗೂ ಮುಂಬಾಗಿಲಿಗೂ ನಡುವೆ ಇನ್ನೊಂದು ತಡೆ ಇರಲಿ.

ಯಾಕೆ ಅಂತೀರಾ? 2023ರ ಜನವರಿಯಲ್ಲಿ ಬಂಜಾರಾ ಹಿಲ್ಸ್‌ನ ಅಪಾರ್ಟ್‌ಮೆಂಟೊಂದರಲ್ಲಿ ಊಟ ತಂದ ಹುಡುಗನ ಮೇಲೆ ಜರ್ಮನ್ ಶೆಫರ್ಡ್ ನುಗ್ಗಿತು. ತಪ್ಪಿಸಿಕೊಳ್ಳಲು ಹೋಗಿ ಅವನು ಮೂರನೇ ಮಹಡಿಯಿಂದ ಬಿದ್ದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಅದೇ ಮೇ ತಿಂಗಳಲ್ಲಿ ಮಣಿಕೊಂಡದಲ್ಲಿ ಡೆಲಿವರಿಗೆ ಬಂದ ಇನ್ನೊಬ್ಬರು ಡಾಬರ್‌ಮನ್‌ಗೆ ಹೆದರಿ ಮೂರನೇ ಮಹಡಿಯಿಂದಲೇ ಜಿಗಿದರು. ಅವರ ಜೀವ ಉಳಿಯಿತು. ‘ನಮ್ಮದು ಕಚ್ಚಲ್ಲ’ ಅನ್ನೋದು ನಮಗೆ ಗೊತ್ತು, ಬಾಗಿಲಲ್ಲಿ ನಿಂತವರಿಗೆ ಗೊತ್ತಿರಲ್ಲ.

ನಮ್ಮ ಮನೆಯಲ್ಲಿ ಹಾಲ್‌ನಿಂದ ರೂಮುಗಳಿಗೆ ಹೋಗೋ ದಾರಿಗೆ ಗೇಟ್ ಹಾಕಿಸಿದ್ದೀವಿ. ಬೆಲ್ ಆದರೆ ಮೊದಲು ನಾಯಿ ಒಳಗೆ, ಆಮೇಲೆ ಚಿಲಕ, ಕೊನೆಗೆ ಮುಂಬಾಗಿಲು. ಕ್ರಮ ತಪ್ಪಲ್ಲ.

ಗೇಟಿಗೆ ಅಡ್ಡ ಕಂಬಿ ಬೇಡ, ನಾಯಿ ಹತ್ತುತ್ತೆ. ನೇರ ಕಂಬಿ ಇರಲಿ, ಸಂದಿಯಲ್ಲಿ ತಲೆ ತೂರಬಾರದು. ಗೋಡೆಗಳ ನಡುವೆ ಒತ್ತಿ ನಿಲ್ಲಿಸೋ ಗೇಟನ್ನು ದೊಡ್ಡ ನಾಯಿ ತಳ್ಳಿಬಿಡುತ್ತೆ. ಬಾಡಿಗೆ ಮನೆಯಾದರೆ ಓನರ್‌ನ ಕೇಳಿ ಸ್ಕ್ರೂ ಹಾಕಿಸಿ.

ಬಾಲ್ಕನಿಯಲ್ಲಿ ಮಾತ್ರ ಕೂಡಿಹಾಕಬೇಡಿ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಏದುಸಿರು ಬಿಟ್ಟೇ ತಣಿಯಬೇಕು. ಫ್ಯಾನ್, ನೀರು ಇರೋ ಜಾಗ ಕೊಡಿ.

ಮೊದಲ ದಿನ ಎರಡೇ ನಿಮಿಷ ಸಾಕು. ಊಟವನ್ನೂ ಅಲ್ಲೇ ಹಾಕಿ, ನಿಧಾನವಾಗಿ ಹೊತ್ತು ಹೆಚ್ಚಿಸಿ. ಬೈದು ಒಳಗೆ ತಳ್ಳಿದರೆ ಅದಕ್ಕೆ ಆ ಜಾಗವೇ ಜೈಲು. ಆಮೇಲೆ ಬೆಲ್ ಆದಾಗ ಕರೆದರೂ ಬರಲ್ಲ.