ಮ್ಯಾನ್ ದ್ವೀಪದಲ್ಲಿ ಹದಿನಾರರ ಮತ



ಯುವಜನ ನೀತಿ ಎಂದೊಡನೆ ನಿಮಗೆ ತರಬೇತಿ ಶಿಬಿರ, ಕ್ರೀಡಾಂಗಣ, ಸಾಲ ಸೌಲಭ್ಯಗಳು ನೆನಪಾಗುತ್ತವೆ. ಇಂದು ನಾನು ಹೇಳಹೊರಟಿರುವುದು ಬೇರೆ ಬಗೆಯ ನೀತಿಯೊಂದನ್ನು ಕುರಿತು.

ಬ್ರಿಟನ್ ಮತ್ತು ಐರ್ಲೆಂಡ್‌ಗಳ ನಡುವಣ ಸಮುದ್ರದಲ್ಲಿರುವ ಮ್ಯಾನ್ ದ್ವೀಪವನ್ನು ಮೋಟಾರ್‌ಸೈಕಲ್ ಪಂದ್ಯದಿಂದಾಗಿ ನಿಮ್ಮಲ್ಲಿ ಕೆಲವರು ಬಲ್ಲಿರಿ. ವಿಸ್ತೀರ್ಣ 572 ಚದರ ಕಿಲೋಮೀಟರ್. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 84,000. ನಮ್ಮ ಅನೇಕ ತಾಲ್ಲೂಕುಗಳಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ! ಬ್ರಿಟಿಷ್ ರಾಜಸತ್ತೆಗೆ ಅಧೀನವಾಗಿದ್ದರೂ ಅದು ಬ್ರಿಟನ್ನಿನ ಭಾಗವಲ್ಲ. ಟಿನ್ವಾಲ್ಡ್ ಎಂಬುದು ಅದರ ಸ್ವಂತ ಸಂಸತ್ತು. ಆಸ್ತಿಯುಳ್ಳ ಸ್ತ್ರೀಯರಿಗೆ 1881ರಲ್ಲೇ ಮತ ಕೊಟ್ಟ ನಾಡದು. 2006ರಲ್ಲಿ ಮತದಾನದ ವಯಸ್ಸನ್ನು 18ರಿಂದ 16ಕ್ಕೆ ಇಳಿಸಿತು.

ಇದರ ಮಹತ್ವ ತಿಳಿಯಲು ದ್ವೀಪದ ಬದುಕನ್ನು ನೋಡಬೇಕು. ಅಲ್ಲಿನ ಬಹಳಷ್ಟು ತರುಣ ತರುಣಿಯರು ಹದಿನೆಂಟರ ಸುಮಾರಿಗೆ ಉನ್ನತ ವ್ಯಾಸಂಗಕ್ಕೆಂದು ಬ್ರಿಟನ್ನಿಗೆ ಹೊರಡುತ್ತಾರೆ. ಎಲ್ಲರೂ ಮರಳುವುದಿಲ್ಲ. ಊರು ಬಿಡುವ ಹೊತ್ತಿಗೆ ಮತ ಕೈಗೆ ಬಂದರೆ ಏನು ಪ್ರಯೋಜನ? ಮರಳಿದವರಿಗೆ ಕೆಲಸ ಸಿಗುವುದೇ, ಬಾಡಿಗೆಗೆ ಮನೆ ಸಿಗುವುದೇ ಎಂಬುದನ್ನು ನಿರ್ಧರಿಸುವುದು ಅಲ್ಲಿನ ಸರಕಾರ. ಜನಪ್ರತಿನಿಧಿ ಸಭೆಯ ಅವಧಿ 5 ವರ್ಷ. ಹದಿನಾರರಲ್ಲಿ ಆರಿಸಿದ ಸದಸ್ಯನನ್ನು ಪದವಿ ಮುಗಿಸಿ ಬಂದು ಪ್ರಶ್ನಿಸಬಹುದು.

ಆದರೆ ಮತ ಬೇಕಾದವರು ತಮ್ಮ ಹೆಸರನ್ನು ಪಟ್ಟಿಯಲ್ಲಿ ನೋಂದಾಯಿಸಿರಬೇಕು. ಚುನಾವಣೆಗೆ ನಿಲ್ಲಲು 18 ತುಂಬಿರಲೇಬೇಕು. ಇದು ಅರ್ಧ ಅಧಿಕಾರವೆಂದೇ ನನಗನ್ನಿಸುತ್ತದೆ.

ನಮ್ಮ ದೇಶದಲ್ಲಿ ಈ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಅದು 16 ಆಗಬೇಕೇ? ನಿಮ್ಮ ತರಗತಿಯಲ್ಲಿ ಚರ್ಚಿಸಿರಿ. ಬೇಡ ಎನ್ನುವವರ ಮಾತನ್ನು ಮೊದಲು ಕೇಳಿರಿ.