ಜೌಗಿನ ವಾಯುವೂ ಇಂಗಾಲದ ಸಂಚಾರವೂ



1776ನೆಯ ಇಸವಿಯ ನವೆಂಬರ್ ಮಾಸದಲ್ಲಿ, ಮುಂದೆ ವಿದ್ಯುತ್ಕೋಶವನ್ನು ನಿರ್ಮಿಸಿ ಪ್ರಖ್ಯಾತನಾದ ವೋಲ್ಟಾ ಎಂಬ ಇಟಲಿಯ ಪಂಡಿತನು ಮಾಜೋರೆ ಸರೋವರದ ಜೊಂಡು ಬೆಳೆದ ದಡದಲ್ಲಿ ಕೋಲಿನಿಂದ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದನು. ಬೆಂಕಿ ತಾಕಿಸಲು ಆ ವಾಯುವು ನೀಲವರ್ಣದ ಜ್ವಾಲೆಯಿಂದ ಉರಿಯಿತು. ಅಂದು ಜೌಗಿನ ವಾಯುವೆನಿಸಿದ್ದುದೇ ಇಂದು ಮೀಥೇನ್ ಎಂಬ ಹೆಸರಿನಿಂದ ಲೋಕದ ಚಿಂತೆಗೆ ಕಾರಣವಾಗಿದೆ. ಒಂದು ಪರಮಾಣು ಇಂಗಾಲ, ನಾಲ್ಕು ಪರಮಾಣು ಜಲಜನಕ. ಅದರ ಶರೀರವೆಂಬುದು ಇಷ್ಟೇ.

ಇಂಗಾಲವು ಒಂದೆಡೆ ನಿಲ್ಲತಕ್ಕ ವಸ್ತುವಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್, ಎಂದರೆ ಇಂಗಾಲಾಮ್ಲ ವಾಯುವಾಗಿದ್ದುದು ಎಲೆಯನ್ನು ಸೇರುವುದು, ಎಲೆಯಿಂದ ಪಶುವಿನ ಒಡಲನ್ನು ಸೇರುವುದು, ಉಸಿರಾಗಿಯೋ ಕೊಳೆತ ಗೊಬ್ಬರದ ಮೂಲಕವೋ ಮರಳಿ ಗಾಳಿಗೆ ಬರುವುದು. ಸಮುದ್ರವೂ ಅದನ್ನು ಹೀರಿ ಬಿಡುತ್ತಿರುವುದು. ಸಾವಿರಾರು ವರ್ಷಗಳ ಕಾಲ ಈ ಲೆಕ್ಕವು ಹೆಚ್ಚುಕಡಮೆ ಸರಿದೂಗಿತ್ತು. ಆದರೆ ಕೋಟ್ಯಂತರ ವರ್ಷಗಳಿಂದ ಭೂಗರ್ಭದಲ್ಲಿ ಹೂತಿದ್ದ ಕಲ್ಲಿದ್ದಲು, ಕಲ್ಲೆಣ್ಣೆಗಳನ್ನು ಮನುಷ್ಯನು ತೆಗೆದು ಸುಡತೊಡಗಿದ ಮೇಲೆ, ಗಾಳಿಯ ಪ್ರತಿ 10 ಲಕ್ಷ ಕಣಗಳಲ್ಲಿ 280ರಷ್ಟಿದ್ದ ಇಂಗಾಲಾಮ್ಲವು 420ನ್ನು ಮೀರಿತು. ಹೊರಬಿದ್ದುದರಲ್ಲಿ ಸುಮಾರು ಅರ್ಧವನ್ನು ಕಡಲೂ ಕಾಡೂ ನುಂಗಿಕೊಂಡು ಉಪಕರಿಸಿದ ಮೇಲಿನ ಲೆಕ್ಕವಿದು.

ಗಾಳಿಯಾಡದ ಎಡೆಗಳಲ್ಲಿ, ಅಂದರೆ ಜೌಗಿನ ಕೆಸರು, ನೀರು ನಿಂತ ಭತ್ತದ ಗದ್ದೆ, ಮೆಲುಕು ಹಾಕುವ ಪಶುಗಳ ಜಠರ, ಊರ ಕಸದ ರಾಶಿ ಇವುಗಳಲ್ಲಿ, ಸೂಕ್ಷ್ಮಜೀವಿಗಳು ಇದೇ ಇಂಗಾಲವನ್ನು ಮೀಥೇನಾಗಿ ಹೊರಗೆಡಹುವುವು. ಗಣಿ, ಎಣ್ಣೆಬಾವಿ, ಅನಿಲದ ಕೊಳವೆಗಳಿಂದಲೂ ಅದು ಸೋರುವುದು. ವರ್ಷಕ್ಕೆ ಹೊರಬೀಳುವ ಸುಮಾರು 60 ಕೋಟಿ ಟನ್ನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದು ಮನುಷ್ಯಕೃತ. 20 ವರ್ಷಗಳ ಅವಧಿಗೆ ಎಣಿಸಿದರೆ, ತೂಕಕ್ಕೆ ತೂಕ, ಇದು ಇಂಗಾಲಾಮ್ಲಕ್ಕಿಂತ ಸುಮಾರು 80 ಮಡಿ ತಾಪವನ್ನು ಹಿಡಿದಿಡುವುದು. ಆದರೆ ಇದರ ಆಯುಸ್ಸು ಅಲ್ಪ. ಬಿಸಿಲಿನ ಬಲದಿಂದ ವಾಯುಮಂಡಲದಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ಎಂಬ ಕಣವು ಸುಮಾರು ಹತ್ತು ವರ್ಷಗಳಲ್ಲಿ ಇದನ್ನು ಒಡೆಯಲು, ಇದು ಕಡೆಗೆ ಇಂಗಾಲಾಮ್ಲವೂ ನೀರೂ ಆಗುವುದು. ಇಂದು ಸುಟ್ಟ ಕಲ್ಲಿದ್ದಲಿನ ಇಂಗಾಲಾಮ್ಲದಲ್ಲಿ ಒಂದು ಪಾಲು ಸಾವಿರಾರು ವರ್ಷ ಉಳಿಯುವುದು. ಇಂದು ತಡೆದ ಮೀಥೇನಿನ ಫಲವನ್ನಾದರೋ ತಡೆದವರೇ ಕಾಣಬಹುದು. ವಿಷಯದ ಮರ್ಮವೆಲ್ಲ ಈ ಭೇದದಲ್ಲಿದೆ.

ಆದರೂ ತಡೆ ಬಿದ್ದಿಲ್ಲ. ಯಂತ್ರಯುಗಕ್ಕೆ ಮೊದಲು ಗಾಳಿಯ 100 ಕೋಟಿ ಕಣಗಳಲ್ಲಿ 700ರಷ್ಟಿದ್ದ ಮೀಥೇನ್ ಈಗ 1,900ನ್ನು ದಾಟಿದೆ. 1999ರಿಂದ 2006ರವರೆಗೆ ಏರಿಕೆಯು ನಿಂತಂತಿತ್ತು. 2007ರಿಂದ ಮತ್ತೆ ಮೊದಲಾಯಿತು. ಈ ಎರಡನೆಯ ಏರಿಕೆಯಲ್ಲಿ ಇಂಗಾಲ-13 ಎಂಬ ಭಾರವಾದ ಇಂಗಾಲದ ಪಾಲು ಕುಗ್ಗುತ್ತ ಬಂದುದರಿಂದ, ಮುಖ್ಯ ಕಾರಣವು ಜೌಗು, ಪಶು, ಕಸಗಳಲ್ಲಿನ ಸೂಕ್ಷ್ಮಜೀವಿಗಳೆಂದು ಬಹುಮಂದಿ ವಿಜ್ಞಾನಿಗಳು ಎಣಿಸಿರುವರು. ತಾಪವೇರಿದಂತೆ ಉಷ್ಣವಲಯದ ಜೌಗುಗಳು ಇನ್ನಷ್ಟು ಮೀಥೇನನ್ನು ಬಿಡತೊಡಗಿದರೆ, ಅದನ್ನು ತಡೆಯಲು ಯಾವ ರಾಜಶಾಸನವೂ ಸಮರ್ಥವಾಗದು.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಹಸುವಿನ ಇಂಗಾಲವು ಹುಲ್ಲಿನಿಂದ ಬಂದುದು, ಹುಲ್ಲಿನದು ಗಾಳಿಯಿಂದ. ಹಾಗಾದರೆ ಹಸುವಿನ ಅಪರಾಧವೇನು? ಲೆಕ್ಕವು ಸರಿಯೇ. ಆದರೆ ಹುಲ್ಲು ಪಡೆದುದು ಇಂಗಾಲಾಮ್ಲ, ಹಸುವು ಹಿಂದಿರುಗಿಸುವುದರಲ್ಲಿ ಒಂದು ಪಾಲು ಮೀಥೇನ್. (ಅದು ಹೊರಡುವುದು ಬಹುತೇಕ ಬಾಯಿಂದ, ತೇಗಿನಲ್ಲಿ; ಜನರು ಹಾಸ್ಯಕ್ಕೆ ಹೇಳುವಂತೆ ಹಿಂದಿನಿಂದಲ್ಲ.)

2021ರಲ್ಲಿ ಗ್ಲಾಸ್ಗೋ ನಗರದಲ್ಲಿ, ಮೀಥೇನನ್ನು 2030ರೊಳಗೆ 2020ರ ಮಟ್ಟಕ್ಕಿಂತ ನೂರಕ್ಕೆ 30ರಷ್ಟು ಇಳಿಸುವ ಪ್ರತಿಜ್ಞೆಯು ಘೋಷಿತವಾಯಿತು. ಕ್ರಮೇಣ 150ಕ್ಕೂ ಹೆಚ್ಚು ರಾಷ್ಟ್ರಗಳು ಸೇರಿದವು, ಭಾರತವು ಸೇರಲಿಲ್ಲ. ಸಣ್ಣ ರೈತನ ಗದ್ದೆಯೂ ದನವೂ ಅವನ ಜೀವನಾಧಾರವೆಂಬುದು ಭಾರತದ ವಾದ. ವಾದದಲ್ಲಿ ನ್ಯಾಯವುಂಟು. ಎಣ್ಣೆ ಕಂಪನಿಯ ಸೋರುವ ಕೊಳವೆಯನ್ನೂ ಎರಡು ಎಕರೆಯ ರೈತನ ಗದ್ದೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಧರ್ಮವಲ್ಲ. ಮೊದಲು ಮುಚ್ಚತಕ್ಕದ್ದು ಕೊಳವೆ. ಹಾಗೆಂದು ಗದ್ದೆಯ ಮಾತನ್ನೇ ಎತ್ತಬಾರದೆಂಬುದೂ ಸರಿಯಲ್ಲ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಪ್ರಚುರಪಡಿಸಿದ ಪದ್ಧತಿಯಲ್ಲಿ, ತೂತು ಕೊರೆದ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳಿ, ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ಹಾಯಿಸುವರು. ಪೈರು ಹೂ ಬಿಡುವಾಗ ಮಾತ್ರ ನೀರು ಕಟ್ಟುವರು. ಮಣ್ಣಿಗೆ ಗಾಳಿಯಾಡಿ ಮೀಥೇನ್ ಬಹುಮಟ್ಟಿಗೆ ಇಳಿಯುವುದು, ನೀರು ಉಳಿಯುವುದು. ಎಚ್ಚರದಿಂದ ನಡೆಸಿದರೆ ಫಸಲು ಕುಂದದು.

ಸಗಣಿಯ ವಿಚಾರದಲ್ಲಿ ಕನ್ನಡನಾಡಿನದೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರವನ್ನು ನಡೆಸಿದರು. ಆ ವಾಯುವಿನಿಂದ ಎಂಜಿನ್ ನಡೆದು ಮನೆಗಳಿಗೆ ದೀಪವೂ ನೀರೂ ಬಂದವು. ಸಗಣಿ ಕೊಟ್ಟವರಿಗೆ ಗೊಬ್ಬರವು ಹಿಂದಿರುಗಿತು. ಹಸುವಿನ ತೇಗನ್ನು ಇದು ತಡೆಯಲಾರದು. ಆದರೆ ಉರಿದ ಮೀಥೇನ್ ಇಂಗಾಲಾಮ್ಲವಾಗಿ ಹುಲ್ಲಿಗೆ ಮರಳಬಲ್ಲುದು. ಉರಿಯುವ ಮೊದಲೇ ಸೋರಿದುದು ಮಾತ್ರ ಹಾನಿಯೇ ಆದುದರಿಂದ, ಮನೆಯಲ್ಲಿ ಇಂಥ ತೊಟ್ಟಿಯುಳ್ಳವರು ಅದರ ಬಿರುಕುಗಳನ್ನೂ ಕೊಳವೆಯ ಸಂದುಗಳನ್ನೂ ಆಗಾಗ ನೋಡಿಕೊಳ್ಳತಕ್ಕದ್ದು.